ಕೊಲೆಗಾರನ ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಬರೆಯಿರಿ

ಕಾಸರಗೋಡು ಜಿಲ್ಲೆಯ ಪೆರ್ಲದ ಓದುಗರೊಬ್ಬರ ಪತ್ರದ ಮುಖ್ಯ ಭಾಗ ಇದು:

“ವರ್ಷಕ್ಕೆ 52 ಪುಸ್ತಕ ಓದಿಯೇ ಓದುತ್ತೇನೆಂದು ಜನವರಿಯಲ್ಲಿ ಪಣ ತೊಟ್ಟೆ. ಕಾಸರಗೋಡಿಗೆ ಕೆಲಸಕ್ಕೆ ಹೋಗಿಬರುವ ಬಸ್ಸಿನಲ್ಲೇ ನನ್ನ ಓದು. ಈಗ 37 ಮುಗಿದಿದೆ. ಮುಕ್ಕಾಲು ಪಾಲು ಪತ್ತೇದಾರಿ, ಥ್ರಿಲ್ಲರ್‌ಗಳೇ. ಕನ್ನಡದವು ಸಿಕ್ಕಿದಷ್ಟು, ಮತ್ತೆ ಮಲಯಾಳ, ಇಂಗ್ಲಿಷ್. ಪ್ರತಿಯೊಂದಕ್ಕೂ ವಿಮರ್ಶೆ ಬರೆದು ನಕ್ಷತ್ರ ಕೊಟ್ಟಿದ್ದೇನೆ, ಆರನ್ನು ಇದರೊಟ್ಟಿಗೆ ಕಳಿಸಿದ್ದೇನೆ. ‘ಇದನ್ನೆಲ್ಲ ಓದು ಅಂತ ಲೆಕ್ಕಕ್ಕೆ ಹಿಡಿಯಲಿಕ್ಕುಂಟಾ?’ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನಿಮ್ಮ ಪತ್ರಿಕೆಯಲ್ಲೂ ಇಂಥ ಪುಸ್ತಕಗಳ ವಿಮರ್ಶೆ ಕಾಣುವುದಿಲ್ಲ. ಮುಂದಿನ ವರ್ಷವಾದರೂ ಘನವಾದದ್ದೇನಾದರೂ ಓದಬೇಕೇ?”

ಲೆಕ್ಕಕ್ಕೆ ಹಿಡಿಯಲಿಕ್ಕೆ ಧಾರಾಳ ಉಂಟು. ನನಗೆ ತುಸು ಅಳುಕಿರುವುದು ಲೆಕ್ಕದ ಮೇಲೆಯೇ.

ಹಾಗೆಂದು ಗುರಿಯಿಟ್ಟು ಓದುವುದನ್ನು ಹಳಿಯುವವನಲ್ಲ ನಾನು. ಪಿ.ಎನ್. ಪಣಿಕ್ಕರ್ 1945ರಲ್ಲಿ 47 ಗ್ರಂಥಾಲಯಗಳನ್ನು ಒಂದುಗೂಡಿಸಿ, ‘ಓದಿ ಬೆಳೆಯಿರಿ’ ಎಂದು ಊರೂರು ತಿರುಗಿದ ರಾಜ್ಯ ನಮ್ಮ ಕೇರಳ. ಅವರು ತೀರಿಕೊಂಡ ಜೂನ್ 19 ನಮ್ಮ ಕನ್ನಡ ಶಾಲೆಗಳಲ್ಲೂ ವಾಚನಾ ದಿನ. ಇಷ್ಟು ಪುಸ್ತಕವೆಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡರೆ ಬಸ್ಸಿನಲ್ಲಿ ಫೋನು ಚೀಲ ಸೇರುತ್ತದೆ, ನಿಜ. ಆದರೆ ನಿಮ್ಮ ಪಟ್ಟಿಯನ್ನೇ ಒಮ್ಮೆ ನೋಡಿ. ಜುಲೈಯಲ್ಲಿ ಹಿಂದೆ ಬಿದ್ದಿರಿ. ಆಗಸ್ಟಿನ ಪುಸ್ತಕಗಳಲ್ಲಿ 120 ಪುಟ ದಾಟಿದ್ದು ಒಂದೂ ಇಲ್ಲ. ಸಂಖ್ಯೆ ಕೈಹಿಡಿದು ಎಳೆಯತೊಡಗಿದರೆ ಆಗುವುದೇ ಇದು. ಇನ್ನೊಂದು ವಿಷಯ: ಪತ್ತೇದಾರಿ ಕಾದಂಬರಿ ಚೆನ್ನಾಗಿದೆಯೋ ಇಲ್ಲವೋ ಎಂದು ಗೊತ್ತಾಗುವುದು ಎರಡನೇ ಓದಿಗೆ. ಕೊಂದವರು ಯಾರೆಂದು ತಿಳಿದ ಮೇಲೆ ಮತ್ತೆ ಮೊದಲ ಪುಟಕ್ಕೆ ಬಂದರೆ, ಸುಳಿವನ್ನು ಲೇಖಕ ನಮ್ಮ ಮೂಗಿನ ಕೆಳಗೇ ಇಟ್ಟು ಹೇಗೆ ಮರೆಮಾಡಿದ್ದಾನೆಂದು ಕಾಣುತ್ತದೆ. ನಿಮ್ಮ 52ರಲ್ಲಿ ಎರಡನೇ ಓದಿಗೆ ಜಾಗವೇ ಇಲ್ಲ.

ಇನ್ನು ಥ್ರಿಲ್ಲರ್‌ಗಳ ಮಾತು. ನಾನು ಹೈಸ್ಕೂಲಿನಲ್ಲಿದ್ದಾಗ ನೆರೆಮನೆಯ ಜಗಲಿಯಲ್ಲಿ ಮಧ್ಯಾಹ್ನ ಹೆಂಗಸರೆಲ್ಲ ಕೂತು ಬೀಡಿ ಕಟ್ಟುತ್ತಿದ್ದರು. ಪತ್ತೇದಾರಿ ಕಾದಂಬರಿ ಗಟ್ಟಿಯಾಗಿ ಓದಿ ಹೇಳುವುದು ನನ್ನ ಕೆಲಸ. ಮಡಿಲಲ್ಲಿ ಮೊರ, ಬೆರಳ ತುದಿಯಲ್ಲಿ ನೂಲು, ಕಿವಿ ಮಾತ್ರ ನನ್ನ ಕಡೆ. ಅವರಲ್ಲೊಬ್ಬರು, ಶಾಲೆಯ ಮೆಟ್ಟಿಲು ಹತ್ತದವರು, ಎಲೆ ಕತ್ತರಿಸುತ್ತಿದ್ದ ಕತ್ತರಿ ನಿಲ್ಲಿಸಿ ಕೇಳಿದರು: “ಬಾಗಿಲಿಗೆ ಒಳಗಿಂದ ಚಿಲಕ ಹಾಕಿತ್ತು ಅಂತ ಆಗ ಓದಿದಿಯಲ್ಲ ಮಾರಾಯ, ಮತ್ತೆ ಇವ ಹೊರಗೆ ಬಂದದ್ದು ಹೇಗೆ?” ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಚಿಲಕ ಹಾಕಿಯೇ ಇತ್ತು. ಲೇಖಕರು ಮರೆತಿದ್ದರು, ಆ ಹೆಂಗಸು ಮರೆತಿರಲಿಲ್ಲ. ಆಮೇಲೆ ಎಷ್ಟೋ ವಿಚಾರಗೋಷ್ಠಿಗಳಲ್ಲಿ ಕೂತಿದ್ದೇನೆ. ಕೃತಿಯನ್ನು ಅಷ್ಟು ಹತ್ತಿರದಿಂದ ಕೇಳಿಸಿಕೊಂಡವರನ್ನು ಹೆಚ್ಚು ಕಂಡಿಲ್ಲ.

ಅಂಥ ಓದುಗರನ್ನು ಕನ್ನಡಕ್ಕೆ ತಂದುಕೊಟ್ಟವರು ಎನ್. ನರಸಿಂಹಯ್ಯ. ಅವರು ಶಾಲೆಯಲ್ಲಿ ಕಲಿತದ್ದು ನಾಲ್ಕನೇ ತರಗತಿವರೆಗೆ, ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಅಕ್ಷರ ಗಟ್ಟಿ ಮಾಡಿಕೊಂಡವರು ಒಂದು ತಲೆಮಾರಿಡೀ ಇದ್ದಾರೆ. ಸಾಹಿತ್ಯ ಚರಿತ್ರೆಗಳಲ್ಲಿ ಅವರ ಪಾಲಿಗೆ ಬಂದದ್ದು ಹೆಚ್ಚೆಂದರೆ ಒಂದು ಸಾಲು, ಅದೂ ‘ಜನಪ್ರಿಯ’ ಎಂಬ ಹಣೆಪಟ್ಟಿಯೊಂದಿಗೆ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ನಿಮ್ಮ ಸಹೋದ್ಯೋಗಿಯ ಪಕ್ಷದಲ್ಲೂ ದೊಡ್ಡವರಿದ್ದಾರೆ, ಇಲ್ಲವೆನ್ನುವುದಿಲ್ಲ. ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್, ಜನ ಪತ್ತೇದಾರಿ ಕಥೆಗಳನ್ನು ಯಾಕಾದರೂ ಓದುತ್ತಾರೆಂದು 1944ರಲ್ಲಿ ಒಂದು ಲೇಖನ ಬರೆದರು. ನೀವು ಒಳ್ಳೆಯ ಪುಸ್ತಕ ಓದಿಲ್ಲ, ಇದನ್ನು ಓದಿ ನೋಡಿ ಎಂದು ಪತ್ರಗಳ ಮಳೆಯೇ ಸುರಿಯಿತು. ಆ ಓದುಗರು ಹೇಳಿದ್ದನ್ನೂ ಓದಿ, ವಿಲ್ಸನ್ ಮರುವರ್ಷ ಇನ್ನಷ್ಟು ಖಾರವಾಗಿ ಬರೆದರು: ಈ ಚಟ ಧೂಮಪಾನಕ್ಕೂ ಪದಬಂಧಕ್ಕೂ ನಡುವೆ ಎಲ್ಲೋ ನಿಲ್ಲುವಂಥದ್ದು ಎಂದು. ಅವರ ಅಭಿರುಚಿ ಅವರದು. ಕವಿ ಆಡನ್ ಕೂಡ ತನಗಿದು ಚಟವೇ ಎಂದು 1948ರಲ್ಲಿ ಒಪ್ಪಿಕೊಂಡರು. ಆದರೆ ಒಪ್ಪಿಕೊಂಡು ಸುಮ್ಮನಾಗಲಿಲ್ಲ. ಒಂದು ಸಣ್ಣ ಊರು, ಎಲ್ಲರಿಗೂ ಎಲ್ಲರ ಪರಿಚಯ, ನಡುವೆ ಒಂದು ಹೆಣ. ಆ ಕ್ಷಣದಿಂದ ಪ್ರತಿಯೊಬ್ಬರ ಮೇಲೂ ಅನುಮಾನ ಯಾಕೆ ಕೂರುತ್ತದೆಂದು ಶ್ರದ್ಧೆಯಿಂದ ಬಿಡಿಸಿ ನೋಡಿದರು. ಕನ್ನಡದಲ್ಲಿ ನಮಗೆ ಬೇಕಿರುವುದು ಆ ಶ್ರದ್ಧೆ. ವಿಲ್ಸನ್‌ರಂಥವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ವಿಮರ್ಶೆ ಹೇಗಿರಬೇಕೆಂದು ಕೇಳಿ. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದ್ದರು. ಕೈಗೆ ದಿನಾ ಸಿಗುತ್ತಿದ್ದ ವಿಷಗಳಿಂದಲೇ ಮೊದಲ ಕಾದಂಬರಿಯ ಹೂರಣ ಮಾಡಿದರು. ಅದು ಅಚ್ಚಾದದ್ದು 1920ರಲ್ಲಿ. ಅದರಲ್ಲಿನ ವಿಷ ಸ್ಟ್ರಿಕ್ನಿನ್. ನಮ್ಮ ಗುಡ್ಡೆಗಳಲ್ಲಿ ಕಿತ್ತಳೆ ಬಣ್ಣದ ಹಣ್ಣು ಬಿಡುತ್ತದಲ್ಲ ಕಾಸರಕದ ಮರ, ಆ ಹಣ್ಣಿನೊಳಗೆ ಅಂಗಿಯ ಗುಂಡಿಯಂಥ ಚಪ್ಪಟೆ ಬೀಜ, ಆ ಬೀಜದ ವಿಷ. ಅದು ಹೊಟ್ಟೆ ಸೇರಿದ ಉಪಾಯ ಬಲು ಚತುರವಾದದ್ದು, ಹೇಳಿದರೆ ನಿಮ್ಮ 38ನೇ ಪುಸ್ತಕ ಕೆಟ್ಟೀತು. ಕೊಲೆಯ ರಸಾಯನಶಾಸ್ತ್ರ ಸರಿಯಾಗಿದೆ ಎಂದು ಮೆಚ್ಚಿ ಬರೆದದ್ದು ಯಾರು? ಇಂಗ್ಲೆಂಡಿನ ಔಷಧ ತಜ್ಞರ ಪತ್ರಿಕೆ! ಕಸುಬು ಬಲ್ಲವರು ಕಸುಬಿನ ಕಣ್ಣಿನಿಂದ ಓದಿ ಕೊಟ್ಟ ಶಿಫಾರಸು ಅದು.

ಈಗ ನಿಮ್ಮ ಆರು ವಿಮರ್ಶೆಗಳಿಗೆ ಬರೋಣ. ನಾಲ್ಕರಲ್ಲಿ ಕಥಾಸಾರವೇ ಮುಕ್ಕಾಲು ಭಾಗ. ಕೊನೆಗೆ ‘ಒಂದೇ ಉಸಿರಿಗೆ ಓದಿಸಿಕೊಂಡು ಹೋಗುತ್ತದೆ’ ಎಂಬ ಸಾಲು, ಅದರ ಕೆಳಗೆ ನಕ್ಷತ್ರ. ಈ ಪತ್ರಿಕೆಗೆ ಇದುವರೆಗೆ ಬಂದ ಥ್ರಿಲ್ಲರ್ ವಿಮರ್ಶೆಗಳೆಲ್ಲ ಹೀಗೇ ಇದ್ದವು, ಹಾಗಾಗಿಯೇ ನೀವು ಕಂಡಿಲ್ಲ. ಆದರೆ ನಿಮ್ಮ ಐದನೆಯದು ಬೇರೆಯೇ ಜಾತಿ. 2025ರಲ್ಲಿ ನಡೆಯುವ ಕಥೆಯಲ್ಲಿ ಇನ್‌ಸ್ಪೆಕ್ಟರ್ ಹೊಸ ಕೊಲೆಗೆ ‘ಸೆಕ್ಷನ್ 302’ ಹಾಕುತ್ತಾನೆ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಅದು 103 ಆಗಿದೆಯಲ್ಲ ಎಂದು ಹಿಡಿದಿದ್ದೀರಿ. ಶಭಾಷ್! ಇಂಥ ಪ್ರಶ್ನೆ ಇನ್ನೂ ಕೇಳಿ. ಕರವಸ್ತ್ರದಲ್ಲಿ ಕ್ಲೋರೋಫಾರ್ಮ್ ಹಿಡಿದ ಕ್ಷಣಕ್ಕೆ ಮನುಷ್ಯ ಬೀಳುವುದಿಲ್ಲ, ನಿಮಿಷಗಟ್ಟಲೆ ಬೇಕು. ಮೊಬೈಲ್ ಟವರ್ ಹೇಳುವುದು ಸುತ್ತಲಿನ ಪ್ರದೇಶವನ್ನು, ಇಂಥ ಮನೆಯ ಇಂಥ ಕೋಣೆ ಎಂದಲ್ಲ. ಕರಾವಳಿಯ ಸೆಕೆಗೆ ಹೆಣ ಸೆಟೆಯುವುದೂ ಬೇಗ, ಸಡಿಲವಾಗುವುದೂ ಬೇಗ. ಇಂಗ್ಲೆಂಡಿನ ಚಳಿಯ ಲೆಕ್ಕವನ್ನು ಉಪ್ಪಳಕ್ಕೆ ತಂದು ಹಾಕಿದರೆ ಸಾವಿನ ಹೊತ್ತೇ ತಪ್ಪುತ್ತದೆ. ಸುಳಿವು ಓದುಗರ ಕಣ್ಣಿಗೂ ಬಿದ್ದಿತ್ತೇ, ಇಲ್ಲಾ ಕೊನೆಯ ಅಧ್ಯಾಯದಲ್ಲಿ ಲೇಖಕ ಜೇಬಿನಿಂದ ತೆಗೆದನೇ? ಇಷ್ಟನ್ನು ಕೊಲೆಗಾರನ ಹೆಸರೆತ್ತದೆ ಬರೆಯಲು ಬರುತ್ತದೆ. ಬರೆದರೆ ಲೇಖಕರೂ ಮುಂದಿನ ಸಲ ಹುಷಾರಾಗುತ್ತಾರೆ.

‘ಘನವಾದದ್ದು’ ಎಂಬ ನಿಮ್ಮ ಮಾತು ಮಾತ್ರ ನನಗೆ ಹಿಡಿಸಲಿಲ್ಲ. ಏಲಕ್ಕಿ ಸಂಶೋಧಕನೊಬ್ಬನ ಸಾವು, ಅದರ ತನಿಖೆಗೆ ಬಂದಿಳಿಯುವ ಗುಪ್ತಚರ ಅಧಿಕಾರಿ. ‘ಚಿದಂಬರ ರಹಸ್ಯ’ದಲ್ಲಿ ತೇಜಸ್ವಿ ಹಿಡಿದ ಎಳೆ ಇದು, 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ಅದಕ್ಕೇ. ಘನವೋ ರೋಚಕವೋ, ಯಾವ ಕಪಾಟಿನಲ್ಲಿಡುತ್ತೀರಿ? ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ಇತಿಹಾಸದ ಆಕರಗಳನ್ನೇ ಕಥೆಯೊಳಗೆ ಪೋಣಿಸಿ ಥ್ರಿಲ್ಲರ್ ಬರೆಯುತ್ತಾರೆ. ಅವನ್ನು ಓದಲು ಚುರುಕು ಬುದ್ಧಿ ಬೇಡವೇ?

ನೀವು ಎಣ್ಮಕಜೆ ಪಂಚಾಯತಿನವರು, ನಿಮಗೆ ಇದನ್ನು ಹೇಳದಿರಲಾರೆ. ನಿಮ್ಮ ಪಕ್ಕದ ಪಡ್ರೆಯಲ್ಲಿ ವಿರೂಪಗೊಂಡ ಕರುಗಳು ಹುಟ್ಟಿದಾಗ ಯಾಕೆ ಹೀಗೆ ಎಂದು ಕೇಳಿ ಬರೆದವರು ಪತ್ರಕರ್ತ ಶ್ರೀಪಡ್ರೆ. 1970ರ ದಶಕ ಇನ್ನೂ ಮುಗಿದಿರಲಿಲ್ಲ. ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಚಿಕ್ಕದೊಂದು ಜಾಗದಲ್ಲಿ ಇಷ್ಟು ವಿಚಿತ್ರ ಕಾಯಿಲೆಗಳು ಯಾಕೆಂದು ಗಮನಿಸುತ್ತ, ಬರೆದಿಡುತ್ತ ಹೋದರು. ಹಣೆಬರಹವೆಂದು ಬಿಟ್ಟುಬಿಡಬಹುದಾಗಿದ್ದುದನ್ನು ಇವರು ಬಿಡಲಿಲ್ಲ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಗಿತ್ತು. 2001ರಲ್ಲಿ ದೆಹಲಿಯ ಪ್ರಯೋಗಾಲಯವೊಂದು ಪಡ್ರೆಯ ನೀರಿನಲ್ಲಿ, ಜನರ ರಕ್ತದಲ್ಲಿ ಅದನ್ನು ಕಂಡಿತು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ 13ಕ್ಕೆ. ‘ಇದು ಹೀಗೆ ಎಂದು ಹೇಗೆ ಗೊತ್ತು, ತೋರಿಸಿ’ ಎಂಬ ಹಟ ನಿಮ್ಮ ಊರಿಗೆ ಎಷ್ಟು ಬೇಕಾಗಿತ್ತೆಂದು ನಿಮಗೇ ಗೊತ್ತು. ಆ ಹಟವನ್ನು ಪುಟಪುಟದಲ್ಲೂ ಅಭ್ಯಾಸ ಮಾಡಿಸುವ ಪುಸ್ತಕಗಳನ್ನು ಕಾಲಹರಣವೆಂದು ಯಾರಾದರೂ ಅಂದರೆ ನಾನು ಕೇಳಿಕೊಂಡು ಕೂರುವವನಲ್ಲ.

ಕನ್ನಡದವು ‘ಸಿಕ್ಕಿದಷ್ಟು’ ಎಂದು ಬರೆದಿದ್ದೀರಲ್ಲ, ಆ ಪದ ಚುಚ್ಚಿತು. ನನಗೆ ಗೊತ್ತಿರುವ ಒಂದು ಗ್ರಂಥಾಲಯದಲ್ಲಿ ಕನ್ನಡದ್ದೆಂದು ಇರುವುದು ಒಂದೇ ಕಪಾಟು, ಅದಕ್ಕೂ ಬೀಗ. ಕೇಳಿದರೆ, ಓದುವವರೇ ಇಲ್ಲ ಎಂಬ ಉತ್ತರ. ಒಳಗಿರುವುದು ಅಭಿನಂದನ ಗ್ರಂಥಗಳು, ಸ್ಮರಣ ಸಂಚಿಕೆಗಳು. ಹದಿನೈದರ ಹುಡುಗ ಯಾವುದಕ್ಕೆಂದು ಅಲ್ಲಿಗೆ ಹೋಗಬೇಕು? ಪಕ್ಕದ ಮಲಯಾಳ ಕಪಾಟಿನಲ್ಲಿ, ಇತಿಹಾಸದ ಮಾಸ್ತರರಾಗಿದ್ದ ಕೋಟ್ಟಯಂ ಪುಷ್ಪನಾಥರಿಂದ ಹಿಡಿದು ನಿನ್ನೆಮೊನ್ನೆಯವರವರೆಗೆ ಪತ್ತೇದಾರಿ ಪುಸ್ತಕಗಳು ಕೈಯಿಂದ ಕೈಗೆ ಹೋಗಿ ಮೂಲೆ ಸವೆದು ನಿಂತಿವೆ. ಹುಡುಗ ಅತ್ತ ಹೋಗುತ್ತಾನೆ. ಹೋಗಲಿ, ಎರಡು ಭಾಷೆ ಬಂದರೆ ಲಾಭವೇ. ಇತ್ತ ಬರಲು ಅವನಿಗೊಂದು ನೆಪ ಇಟ್ಟಿದ್ದೇವೆಯೇ ಎಂಬುದಷ್ಟೇ ನನ್ನ ಪ್ರಶ್ನೆ. ಮಲಯಾಳದಿಂದ ಕನ್ನಡಕ್ಕೆ ತರಬಲ್ಲವರು ಈ ನೆಲದಲ್ಲಿ ಮೊದಲಿಂದಲೂ ಇದ್ದಾರೆ, ಮೋಹನ ಕುಂಟಾರರ ಕೆಲಸ ನಮ್ಮ ಕಣ್ಣೆದುರೇ ಇದೆ. ಆದರೆ ಅನುವಾದವೆಂದರೆ ಪ್ರಶಸ್ತಿ ಬಂದ ಕೃತಿಗಳದ್ದೇ ಆಗಬೇಕೆಂದು ಪ್ರಕಾಶಕರು ನಂಬಿಕೊಂಡಿದ್ದಾರೆ.

ನಮ್ಮ ಬರೆಯುವವರ ಮೇಲೂ ದೂರಿದೆ. ಕಥೆ ಎಂದರೆ ಬೆಂಗಳೂರಿನ ಹದಿನಾಲ್ಕನೇ ಮಹಡಿ. ಗಡಿಯ ತಲಪಾಡಿಯಿಂದ ಈಚೆಗೆ ಒಂದು ಹೆಣ ಸಿಕ್ಕಿತೆಂದು ಇಟ್ಟುಕೊಳ್ಳಿ. ಗಾಯಗೊಂಡ ಸಾಕ್ಷಿ ಮಂಗಳೂರಿನ ಆಸ್ಪತ್ರೆಯಲ್ಲಿ, ಪೊಲೀಸರು ಕೇರಳದವರು, ಹೇಳಿಕೆ ತುಳುವಿನಲ್ಲಿ, ದಾಖಲೆ ಮಲಯಾಳದಲ್ಲಿ, ಸತ್ತವನ ಡೈರಿ ಕನ್ನಡದಲ್ಲಿ. 2020ರ ಮಾರ್ಚಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ ದಿನಗಳಲ್ಲಿ ಇದು ನಡೆದರೆ ಇನ್ನೂ ಬಿಗಿ. ಇಷ್ಟೆಲ್ಲ ಕೈಗೆಟುಕುವಲ್ಲಿ ಬಿದ್ದಿದ್ದರೂ ಎತ್ತಿಕೊಳ್ಳುವವರಿಲ್ಲ.

ನಿಮ್ಮ ಐದನೇ ವಿಮರ್ಶೆ ಮುಂದಿನ ಸಂಚಿಕೆಗೆ ಹೋಗುತ್ತದೆ, ನಕ್ಷತ್ರ ತೆಗೆದಿದ್ದೇನೆ. ಎರಡನೆಯದರಲ್ಲಿ ಕಥಾಸಾರವನ್ನು ನಾಲ್ಕು ಸಾಲಿಗೆ ಇಳಿಸಿ, ಬೀಗದ ಕೈಯ ಬಗ್ಗೆ ನಿಮಗೆ ಬಂದ ಅನುಮಾನವನ್ನು ಬೆಳೆಸಿ ಕಳಿಸಿ. 450 ಪದ ಸಾಕು. ಉಳಿದವು ಪೆನ್ಸಿಲ್ ಗುರುತಿನೊಂದಿಗೆ ಅಂಚೆಯಲ್ಲಿ ವಾಪಸು ಬರುತ್ತಿವೆ. ಈ ವರ್ಷದ 52 ಮುಗಿಸಿ, ಮಾತು ಕೊಟ್ಟದ್ದು ಕೊಟ್ಟದ್ದೇ. ಮುಂದಿನ ವರ್ಷ ಸಂಖ್ಯೆಯನ್ನು ಅರ್ಧಕ್ಕಿಳಿಸಿ, ಎರಡೆರಡು ಸಲ ಓದಿ. ನಿಮ್ಮ ಸಹೋದ್ಯೋಗಿಗೂ ಒಂದು ಪುಸ್ತಕ ಕೊಟ್ಟು ನೋಡಿ, ಕೊನೆಯ ಅಧ್ಯಾಯಕ್ಕೆ ರಟ್ಟು ಹಾಕಿ ಹೊಲಿದು ಕೊಟ್ಟರೆ ಒಳ್ಳೆಯದು.

— ಸಂಪಾದಕ