ಬೆಟ್ಟದ ಸೀಮೆಯಲ್ಲಿ ಎರಡು ದಿನ ಗಾಳ ಹಾಕಲು ಒಳ್ಳೆಯ ಜಾಗ ಹುಡುಕುವುದು ಹೇಗೆ?

ವಾರಾಂತ್ಯಕ್ಕೆ ಬೆಟ್ಟದ ಕಡೆ ಹೋಗುತ್ತಿದ್ದೇವೆ, ತಣ್ಣೀರಿನ ಮೀನಾದ ಟ್ರೌಟ್ ಇರುವ ಜಾಗ ಗುರುತಿಸುವುದು ಹೇಗೆ ಎಂದು ಕೇಳಿದ್ದೀರಿ. ಕೈಯಲ್ಲಿರುವುದು ಎರಡೇ ದಿನ, ಹಾಗಾಗಿ ಅರ್ಧ ಕೆಲಸ ಹೊರಡುವ ಮೊದಲೇ ನಕ್ಷೆಯ ಮುಂದೆ ಮುಗಿಯಬೇಕು.

ಕಾಂಟೂರ್ ರೇಖೆಗಳಿರುವ, ಎಂದರೆ ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಜೋಡಿಸಿ ತೋರಿಸುವ ನಕ್ಷೆ ನೋಡಿ. ರೇಖೆಗಳು ಹೊಳೆಯನ್ನು ಒತ್ತೊತ್ತಾಗಿ ದಾಟುವ ಕಡೆ ನೀರು ಧುಮುಕುತ್ತಲೇ ಹೋಗುತ್ತದೆ, ಮೀನಿಗೆ ನೆಲೆ ನಿಲ್ಲಲು ಎಡೆ ಕಡಿಮೆ. ಇಳಿಜಾರು ಮುಗಿದು ರೇಖೆಗಳು ದೂರವಾಗುವಲ್ಲಿ ಮಡುಗಳು ಸಿಗುತ್ತವೆ, ಅಲ್ಲಿ ಗುರುತು ಹಾಕಿಕೊಳ್ಳಿ. ಸೇತುವೆ ಪಕ್ಕದ ಮಡುವಿಗೆ ಎಲ್ಲರೂ ಗಾಳ ಹಾಕಿರುತ್ತಾರೆ, ಅಲ್ಲಿನ ಮೀನು ಬೆದರಿರುತ್ತದೆ. ಅರ್ಧ ಗಂಟೆ ನಡೆಯಲು ಸಿದ್ಧರಿದ್ದರೆ ಫಲ ಬೇರೆಯೇ. ಹತ್ತಿರದ ಒಂದು ಸರೋವರವನ್ನೂ ಗುರುತಿಸಿಡಿ: ಒಂದು ರಾತ್ರಿಯ ಮಳೆಗೆ ಹೊಳೆ ಕೆಂಪಾಗಬಹುದು, ಸರೋವರ ಅಷ್ಟು ಬೇಗ ಕದಡುವುದಿಲ್ಲ. ಎರಡೂ ಕಡೆಯ ಪರವಾನಗಿ ಮತ್ತು ಮೊಟ್ಟೆಯಿಡುವ ಕಾಲದ ನಿಷೇಧವನ್ನು ಮೊದಲೇ ವಿಚಾರಿಸಿ.

ಥರ್ಮಾಮೀಟರ್ ಒಯ್ಯಿರಿ. ನೀರು 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದಾಗ ಟ್ರೌಟ್ ಚುರುಕಾಗಿ ಮೇಯುತ್ತದೆ. 20 ದಾಟಿದರೆ ಗಾಳ ಎತ್ತಿಬಿಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಸೆಣಸಿ ದಣಿದ ಮೀನು ಬಿಟ್ಟರೂ ಬದುಕುವುದು ಕಷ್ಟ. ಇನ್ನೂ ಎತ್ತರಕ್ಕೆ, ಅಥವಾ ನೆರಳಿರುವ ಉಪತೊರೆಗೆ ಹೋಗಿ.

ಹೊಳೆಯಲ್ಲಿ ಮುಖ್ಯವಾಗಿ ನೋಡಬೇಕಾದದ್ದು ವೇಗದ ನೀರು ನಿಧಾನದ ನೀರಿಗೆ ತಾಗುವ ಗೆರೆ. ಮೀನು ನಿಧಾನದ ಕಡೆ ನಿಂತು ಶಕ್ತಿ ಉಳಿಸಿಕೊಳ್ಳುತ್ತದೆ, ಪಕ್ಕದ ಸೆಳವು ಹುಳುಹುಪ್ಪಟೆ ಹೊತ್ತು ತರುತ್ತದೆ. ಬಂಡೆಯ ಹಿಂದೆ ಮಾತ್ರವಲ್ಲ, ಮುಂದೆಯೂ ನೀರು ತಡೆದು ನಿಲ್ಲುವ ಒಂದು ಮೆತ್ತನೆಯ ಜಾಗವಿರುತ್ತದೆ. ಹೆಚ್ಚಿನವರು ಅದನ್ನು ಬಿಟ್ಟುಬಿಡುತ್ತಾರೆ. ನೀರು ಮಡುವಿಗೆ ಬೀಳುವ ಬಾಯಿ, ಕೊರೆದ ದಡದ ಅಡಿ, ಬಿದ್ದ ಮರದ ನೆರಳು ಇವೂ ಒಳ್ಳೆಯವೇ. ಬೆಳಗಿನ ಮಬ್ಬಿನಲ್ಲಿ ಮಡುವಿನ ಬಾಲದ, ಎಂದರೆ ನೀರು ಹೊರಹರಿಯುವ ಕೊನೆಯ, ತೆಳು ನೀರಿಗೂ ಮೀನು ಬರುತ್ತದೆ.

ಮೀನು ಸೆಳವಿಗೆ ಮುಖ ಮಾಡಿ ನಿಲ್ಲುತ್ತದೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ, ಬಗ್ಗಿಕೊಂಡು, ನೆರಳು ನೀರಿಗೆ ಬೀಳದಂತೆ ಹೋಗಿ. ಮೊದಲು ಹತ್ತಿರದ ನೀರಿಗೆ, ಆಮೇಲೆ ದೂರಕ್ಕೆ ಎಸೆಯಿರಿ. ಮೊದಲೇ ದೂರ ಎಸೆದರೆ ದಾರ ಬಿದ್ದು ನಡುವಿನ ಮೀನೆಲ್ಲ ಚದುರುತ್ತದೆ. ಐದಾರು ಎಸೆತಕ್ಕೆ ಕಚ್ಚದಿದ್ದರೆ ಮುಂದಿನ ಮಡುವಿಗೆ ನಡೆಯಿರಿ. ಒಂದೇ ಕಡೆ ಕೂರುವುದು ತೊರೆಯಲ್ಲಿ ನಡೆಯದು.

ಸಣ್ಣ ಹೊಳೆಗೆ ಆರಡಿಯ ಹಗುರ ರಾಡ್, 4ರಿಂದ 6 ಪೌಂಡ್ ಎಳೆತ ತಡೆಯುವ ದಾರ, 2ರಿಂದ 5 ಗ್ರಾಂ ಸ್ಪಿನ್ನರ್ (ಎಳೆದಾಗ ತಗಡು ಗಿರಗಿರ ತಿರುಗುವ ಕೃತಕ ಎರೆ) ಸಾಕು. ಸ್ಪಿನ್ನರ್ ಮೇಲೆ ಚಿಕ್ಕ ಸ್ವಿವೆಲ್ (ಸುತ್ತ ತಿರುಗುವ ಲೋಹದ ಕೊಂಡಿ) ಕಟ್ಟದಿದ್ದರೆ ದಾರ ಮುರಿಗೊಂಡು ಗಂಟಾಗುತ್ತದೆ. ಗಂಟು ಬಿಗಿಯುವ ಮುನ್ನ ಎಂಜಲು ಹಚ್ಚಿ, ಒಣ ಗಂಟು ಉಜ್ಜಿ ಬಿಸಿಯಾಗಿ ದುರ್ಬಲವಾಗುತ್ತದೆ. ಬಿಟ್ಟುಬಿಡುವ ಮೀನಾದರೆ ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿ, ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿ.

ಸರೋವರದಲ್ಲಿ ತೊರೆ ಬಂದು ಸೇರುವ ಬಾಯಿಯಿಂದ ಶುರುಮಾಡಿ. ಆಮೇಲೆ ತಿಳಿ ಬಣ್ಣದ ನೀರು ಒಮ್ಮೆಲೇ ಕಡುಬಣ್ಣಕ್ಕೆ ತಿರುಗುವ ಅಂಚು, ಅಲ್ಲಿ ಆಳ ಹೆಚ್ಚುತ್ತದೆ.

ಹಿಮ ಕರಗುವ ಕಾಲದಲ್ಲಿ ಮಧ್ಯಾಹ್ನದ ಮೇಲೆ ಹೊಳೆ ಏರುತ್ತದೆ, ಬೆಳಿಗ್ಗೆ ದಾಟಿದ ಜಾಗ ಸಂಜೆ ದಾಟಲಾಗದಿರಬಹುದು. ಮೇಲ್ಗಡೆ ಅಣೆಕಟ್ಟಿದ್ದರೆ ನೀರು ಬಿಡುವ ಹೊತ್ತು ತಿಳಿದುಕೊಂಡೇ ಇಳಿಯಿರಿ. ಗುಡುಗು ಕೇಳಿಸಿದರೆ ಕಾರ್ಬನ್ ರಾಡನ್ನು ಕೂಡಲೇ ಕೆಳಗಿಟ್ಟು ನೀರಿನಿಂದ ದೂರ ಸರಿಯಿರಿ, ಕಾರ್ಬನ್ ವಿದ್ಯುತ್ ವಾಹಕ.