ಎಲ್ಲಾ ಮಾರಿ ಒಂದೇ ಫೋನ್ ಇಟ್ಕೊಳ್ಳಲಾ?

ಪ್ರಶ್ನೆ: ಸರ್, ನನ್ನ ಹತ್ರ ಫೋನು, ಟ್ಯಾಬು, ಇ-ಬುಕ್ ರೀಡರು, ಲ್ಯಾಪ್‌ಟಾಪು ನಾಲ್ಕೂ ಇದೆ, ಎಲ್ಲಾ ಒಂದೇ ಅಕೌಂಟಲ್ಲಿ ಸಿಂಕ್ ಆಗತ್ತೆ. ಆದ್ರೆ ಬೇಕಾದಾಗ ಒಂದರಲ್ಲಿ ಚಾರ್ಜ್ ಇರಲ್ಲ, ಇನ್ನೊಂದರಲ್ಲಿ ಹಳೇ ನೋಟ್ಸೇ ಕೂತಿರತ್ತೆ. ಎಲ್ಲಾ ಮಾರಿ ಒಂದು ದೊಡ್ಡ ಫೋನ್ ತಗೊಳ್ಳಲಾ? ಹೇಗೂ ಸಿಂಕ್ ಇದ್ಯಲ್ಲ, ಬ್ಯಾಕಪ್ ಚಿಂತೆ ಇಲ್ಲ.

ಉತ್ತರ: ನಿಮ್ಮ ಕೊನೇ ಸಾಲಿಂದಾನೇ ಶುರು ಮಾಡ್ತೀನಿ, ಎಡವಟ್ಟು ಇರೋದೇ ಅಲ್ಲಿ. ಸಿಂಕ್ ಬೇರೆ, ಬ್ಯಾಕಪ್ ಬೇರೆ: ಸಿಂಕ್ ಅಂದ್ರೆ ಎಲ್ಲಾ ಕಡೆ ಒಂದೇ ಥರ ಇಡೋದು, ಬ್ಯಾಕಪ್ ಅಂದ್ರೆ ಬೇರೆ ಕಡೆ ಎತ್ತಿಟ್ಟ ಕಾಪಿ. ಫೋನಲ್ಲಿ ಕೈತಪ್ಪಿ ಒಂದು ಫೋಲ್ಡರ್ ಅಳಿಸಿದ್ರೆ ಟ್ಯಾಬಲ್ಲೂ ಲ್ಯಾಪ್‌ಟಾಪಲ್ಲೂ ಅಳಿಸಿಹೋಗತ್ತೆ, ಸಿಂಕ್ ತನ್ನ ಕೆಲ್ಸ ನಿಯತ್ತಾಗಿ ಮಾಡಿರತ್ತೆ ಅಷ್ಟೇ. ಅದಕ್ಕೇ ಒಂದು ಕಾಪಿ ಸಿಂಕ್ ಆಗದೇ ಇರೋ ಹಾರ್ಡ್ ಡಿಸ್ಕಲ್ಲಿ ಇರ್ಲಿ.

ಹಳೇ ನೋಟ್ಸ್ ವಿಷ್ಯ. 1996ರಲ್ಲಿ ಪಾಮ್ ಕಂಪನಿಯ ಪೈಲಟ್ ಅನ್ನೋ ಅಂಗೈ ಅಗಲದ ಡಿಜಿಟಲ್ ಡೈರಿ ಬಂದಾಗ ಕಂಪ್ಯೂಟರ್ ಜೊತೆ ಸಿಂಕ್ ಮಾಡೋಕೆ ಅದನ್ನ ಸ್ಟ್ಯಾಂಡಲ್ಲಿ ಕೂರಿಸಿ ಒಂದು ಬಟನ್ ಒತ್ಬೇಕಿತ್ತು, ಸಿಂಕ್ ಆಯ್ತಾ ಇಲ್ವಾ ಅಂತ ಕಣ್ಣಿಗೇ ಕಾಣ್ತಿತ್ತು. ಈಗ ಎಲ್ಲಾ ತೆರೆಮರೆಯಲ್ಲಿ, ನೆಟ್ ಇಲ್ದಿದ್ದಾಗ ಟ್ಯಾಬಲ್ಲಿ ಒಂಚೂರು ಬರೆದು ಆಮೇಲೆ ಅದೇ ನೋಟನ್ನ ಫೋನಲ್ಲಿ ತಿದ್ದಿದ್ರೆ ಯಾವುದು ಸರಿ ಅಂತ ಆ್ಯಪಿಗೂ ಗೊತ್ತಾಗಲ್ಲ, ಎರಡು ಕಾಪಿ ಮಾಡತ್ತೆ ಇಲ್ಲಾ ಒಂದನ್ನ ನುಂಗತ್ತೆ. ಬರೆಯೋದು ಒಂದರಲ್ಲೇ, ಓದೋದು ಎಲ್ಲಾದ್ರೂ ಅಂತ ಇಟ್ಕೊಂಡ್ರೆ ಮುಕ್ಕಾಲು ತಲೆನೋವು ಹೋಗತ್ತೆ.

ಹಾಗಂತ ಎಲ್ಲಾ ಒಂದೇ ಫೋನಿಗೆ ತುಂಬಿದ್ರೆ? ಫೋಟೋ, ಬ್ಯಾಂಕು, ಮೇಲು ಎಲ್ಲಾ ಅದರಲ್ಲೇ, ಒಟಿಪಿ ಬರೋದೂ ಅದಕ್ಕೇ. ಅದು ಕಳೆದುಹೋದ ದಿನ ಬೇರೆ ಫೋನಿಂದ ಲಾಗಿನ್ ಆಗೋಕೆ ಹೋಗ್ತೀರ, ಕೋಡ್ ಹೋಗೋದು ಕಳೆದುಹೋದ ಫೋನಿಗೇ! ಬೀಗದ ಕೈನ ಮನೆಯೊಳಗಿಟ್ಟು ಬಾಗಿಲು ಎಳ್ಕೊಂಡ ಹಾಗೆ. ಒಟಿಪಿ ಇಲ್ದೇನೂ ಅಕೌಂಟ್ ಒಳಗೆ ಬಿಡೋ ರಿಕವರಿ ಕೋಡನ್ನ ಇವತ್ತೇ ಕಾಗದದ ಮೇಲೆ ಬರೆದಿಡಿ (ಅದರ ಫೋಟೋ ತೆಗೆದು ಅದೇ ಫೋನಲ್ಲಿ ಇಡ್ಬೇಡಿ ಮಾರಾಯ್ರೆ).

ನಾನಾದ್ರೆ ಟ್ಯಾಬ್ ಒಂದನ್ನೇ ಮಾರ್ತೀನಿ, ಅದು ಮಾಡೋ ಕೆಲ್ಸ ದೊಡ್ಡ ಫೋನೂ ಮಾಡತ್ತೆ. ಇ-ಬುಕ್ ರೀಡರ್ ಇಟ್ಕೊಳ್ಳಿ, ಅದರ ಕಾಗದದ ಥರ ಕಾಣೋ ಇ-ಇಂಕ್ ಪರದೆಗೆ ಪುಟ ತಿರುಗಿಸುವಾಗ ಬಿಟ್ರೆ ಕರೆಂಟೇ ಬೇಡ, ಮೆಸೇಜ್ ಕಾಟಾನೂ ಇಲ್ಲ. ಲ್ಯಾಪ್‌ಟಾಪ್ ಟೈಪಿಂಗಿಗೆ ಬೇಕೇ ಬೇಕು.

ಟ್ಯಾಬ್ ಕೊಡೋ ಮುಂಚೆ ಮಾತ್ರ ಮೊದ್ಲು ಅಕೌಂಟಿಂದ ಸೈನ್ ಔಟ್ ಆಗಿ, ಆಮೇಲೆ ರೀಸೆಟ್ ಮಾಡಿ. ಸೈನ್ ಔಟ್ ಆಗ್ದೇ ಒಂದೊಂದೇ ಫೋಟೋ ಅಳಿಸ್ತಾ ಕೂತ್ರೆ ಫೋನಲ್ಲಿರೋದೂ ಹೋಗತ್ತೆ.