ಟಿಎಸ್‌ಎಚ್ ಇಳಿಸೋಕೆ ಯಾವ ಸಪ್ಲಿಮೆಂಟ್? ಯಾವ್ದೂ ಬೇಡ, ಮೊದ್ಲು ಆ ಡಬ್ಬಿ ತಿರುಗಿಸಿ ಓದಿ

ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡು ಅಂತ ಮೆದುಳಿನ ಕಡೆಯಿಂದ ಬರೋ ಹಾರ್ಮೋನು, ಥೈರಾಯ್ಡ್ ಮಂಕಾದ್ರೆ ಇದು ಏರುತ್ತೆ) 7.2, ಫ್ರೀ ಟಿ4 (ಥೈರಾಯ್ಡ್ ತಯಾರಿಸೋ ಹಾರ್ಮೋನು) 1.1, ಥೈರಾಯ್ಡ್ ಮಾತ್ರೆ ಡೋಸ್ 25ರಿಂದ 50 ಎಂಸಿಜಿಗೆ (ಮೈಕ್ರೋಗ್ರಾಂ) ಏರಿಸಿ ಮೂರು ವಾರ, ಕೂದಲು ಉದುರ್ತಿದೆ, ಸುಸ್ತು, ಬೆಳಗ್ಗೆ ಥೈರಾಯ್ಡ್ ಮಾತ್ರೆ ಜೊತೆಗೇ ಐರನ್ ಮಾತ್ರೆ, ಈಗ ಬಯೋಟಿನ್, ಸೆಲೆನಿಯಂ, ಅಯೋಡಿನ್ ಮೂರೂ ಶುರು ಮಾಡಿದ್ರೆ ಟಿಎಸ್‌ಎಚ್ ಇಳಿಯುತ್ತಾ ಅಂತ ಕೇಳಿದೀರ. ನಿಮ್ಮ ಲಿಸ್ಟಿನ ಮೊದಲನೇ ಹೆಸರೇ ನನ್ನ ಒಂದು ವರ್ಷ ತಿಂದು ಹಾಕಿದ್ದು, ಅದಕ್ಕೇ ಇಷ್ಟುದ್ದ ಟೈಪ್ ಮಾಡ್ತಾ ಕೂತಿದೀನಿ.

ನಂಗೂ ಹಾಶಿಮೊಟೊ. ಅಂದ್ರೆ ನಮ್ಮ ದೇಹದ ರಕ್ಷಣಾ ವ್ಯವಸ್ಥೆನೇ ಥೈರಾಯ್ಡ್ ಗ್ರಂಥಿ ಮೇಲೆ ತಿರುಗಿ ಬೀಳೋದು, 1912ರಲ್ಲಿ ಹಕಾರು ಹಾಶಿಮೊಟೊ ಅನ್ನೋ ಜಪಾನಿ ಡಾಕ್ಟ್ರು ಮೊದಲು ವಿವರಿಸಿದ್ರು, ಅದಕ್ಕೆ ಆ ಹೆಸರು. 100 ಎಂಸಿಜಿ ಲೆವೊಥೈರಾಕ್ಸಿನ್, ಅಂದ್ರೆ ಅದೇ ಥೈರಾಯ್ಡ್ ಮಾತ್ರೆ, ತಗೊಂಡು ಟಿಎಸ್‌ಎಚ್ ಎರಡರ ಆಸುಪಾಸಲ್ಲಿ ಆರಾಮಾಗಿ ನಿಂತಿತ್ತು. ಆದ್ರೆ ಕೂದಲು ಮಾತ್ರ ನಿಲ್ಲಲಿಲ್ಲ, ಬಾಚಣಿಗೆಗೆ ಸುತ್ಕೊಂಡು ಬರೋದು ನೋಡಿದ್ರೇ ಅಳು ಬರ್ತಿತ್ತು. ಆಫೀಸಲ್ಲಿ ಒಬ್ಳು ಗೆಳತಿ ಬಯೋಟಿನ್ ತಗೋ, ಬರೀ ವಿಟಮಿನ್ನು, ಜಾಸ್ತಿ ಆದ್ರೆ ಮೂತ್ರದಲ್ಲಿ ಹೋಗುತ್ತೆ ಅಂದ್ಲು. ಅವಳು ಹೇಳಿದ್ರಲ್ಲಿ ಸುಳ್ಳೇನೂ ಇರ್ಲಿಲ್ಲ, ಬಯೋಟಿನ್ ನೀರಲ್ಲಿ ಕರಗೋ ಬಿ ವಿಟಮಿನ್ನೇ. ತಗೊಂಡೆ, ದಿನಾ ತಪ್ಪದೆ.

ಮುಂದಿನ ರಿಪೋರ್ಟಲ್ಲಿ ಟಿಎಸ್‌ಎಚ್ 0.08. ಫ್ರೀ ಟಿ4 ರೇಂಜ್ ದಾಟಿ ಮೇಲೆ. ಎರಡೂ ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಬಾಣದ ಗುರುತು. ಡೋಸ್ ಜಾಸ್ತಿ ಆಗಿದೆ ಅಂತ ಡಾಕ್ಟ್ರು 75ಕ್ಕೆ ಇಳಿಸಿದ್ರು. ಸರಿಯಾಗೇ ಮಾಡಿದ್ರು, ಆ ಕಾಗದ ನೋಡಿದ ಯಾರೇ ಆದ್ರೂ ಹಾಗೇ ಮಾಡ್ತಿದ್ರು, ಟಿಎಸ್‌ಎಚ್ ಅಷ್ಟು ಕೆಳಗೇ ಉಳಿದ್ರೆ ಎದೆಬಡಿತ ಲಯ ತಪ್ಪೋದು, ಮೂಳೆ ಸವೆಯೋದು ಎಲ್ಲ ಇದೆ. ಅವತ್ತು ಅವರು ನನ್ನ ಕೇಳಿದ್ರು, ಬೇರೆ ಏನಾದ್ರೂ ಮಾತ್ರೆ ತಗೊಳ್ತೀರಾಮ್ಮ ಅಂತ. ನಾನು ಇಲ್ಲ ಸರ್ ಅಂದೆ.

ಆ "ಇಲ್ಲ ಸರ್" ಇದ್ಯಲ್ಲ, ನಾನು ಕೆಟ್ಟಿದ್ದೇ ಅದರಿಂದ. ಬೇಕಂತ ಮುಚ್ಚಿಟ್ಟಿದ್ದಲ್ಲ ರೀ. ಮಾತ್ರೆ ಅಂದ್ರೆ ನನ್ನ ತಲೇಲಿ ಡಾಕ್ಟರ್ ಬರೆದಿದ್ದು, ಕಾಯಿಲೆಗೆ ತಗೊಳ್ಳೋದು. ಕೂದಲಿಗೆ ಅಂತ ನಾನಾಗೇ ತಂದ್ಕೊಂಡ, ಡಬ್ಬಿ ಮೇಲೆ ಹೂವಿನ ಚಿತ್ರ ಇರೋ, ಬಾಯಲ್ಲಿ ಹಾಕ್ಕೊಂಡ್ರೆ ಸಿಹಿಯಾಗಿರೋ ವಸ್ತು ಮಾತ್ರೆ ಲೆಕ್ಕಕ್ಕೇ ಬರ್ಲಿಲ್ಲ. ಶಾಂಪೂ ಯಾವ್ದು ಹಾಕ್ತೀನಿ ಅಂತ ಡಾಕ್ಟ್ರಿಗೆ ಹೇಳ್ತೀವಾ, ಹೇಳಲ್ಲ ಅಲ್ವಾ, ಇದೂ ಅದೇ ಜಾತಿಗೆ ಸೇರಿದ್ದು ಅಂದ್ಕೊಂಡಿದ್ದೆ.

ಡೋಸ್ ಇಳಿಸಿದ್ಮೇಲೆ ಏನಾಯ್ತು ಅಂದ್ರೆ, ಪೇಪರ್ ಮೇಲೆ ಇನ್ನೂ ಹೈಪರ್ (ಥೈರಾಯ್ಡ್ ಹಾರ್ಮೋನ್ ಜಾಸ್ತಿ), ಮೈಯಲ್ಲಿ ಪೂರ್ತಿ ಹೈಪೋ (ಹಾರ್ಮೋನ್ ಕಮ್ಮಿ). ಎಲ್ಲರೂ ಫ್ಯಾನ್ ಹಾಕ್ಕೊಂಡ್ರೆ ನಂಗೆ ಸ್ವೆಟರ್ ಬೇಕು. ಬೆಳಗ್ಗೆ ಎದ್ರೆ ಕಣ್ಣು ಕೆಳಗೆ ಊದ್ಕೊಂಡಿರ್ತಿತ್ತು, ಉಂಗುರ ಬಿಗಿ, ಮಲಬದ್ಧತೆ, ಯಾರಾದ್ರೂ ಏನಾದ್ರೂ ಕೇಳಿದ್ರೆ ಉತ್ತರ ಹೊಳೆಯೋಕೇ ಒಂದು ನಿಮಿಷ. ಮತ್ತೆ ಟೆಸ್ಟ್, ಮತ್ತೆ ಟಿಎಸ್‌ಎಚ್ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಮತ್ತೆ ಡೋಸ್ 50ಕ್ಕೆ. ಇಷ್ಟು ಇಳಿಸಿದ್ರೂ ಹೀಗ್ಯಾಕೆ ಅಂತ ಗ್ರೇವ್ಸ್ ಕಾಯಿಲೆಗೆ (ಆಂಟಿಬಾಡಿಗಳೇ ಥೈರಾಯ್ಡನ್ನ ಅತಿಯಾಗಿ ಓಡಿಸೋ ಕಾಯಿಲೆ) ನೋಡೋ ಆಂಟಿಬಾಡಿ ಟೆಸ್ಟ್ ಮಾಡಿಸಿದ್ರು, ಅದೂ ಪಾಸಿಟಿವ್ ಬಂತು! ಥೈರಾಯ್ಡನ್ನ ತಗ್ಗಿಸೋ ಮಾತ್ರೆ ಬರೆಯೋದೊಂದು ಬಾಕಿ ಇತ್ತು. ಬರೆಯೋಕೆ ಮುಂಚೆ ಡಾಕ್ಟ್ರು ಕೈ ಹಿಡ್ಕೊಂಡು ನಾಡಿ ಎಣಿಸಿದ್ರು. ನಿಮಿಷಕ್ಕೆ 54. ಹೈಪರ್ ಇರೋರಿಗೆ ಎದೆ ಡವಡವ ಅಂತಿರಬೇಕು. ಪೆನ್ನು ಕೆಳಗಿಟ್ಟು, ಬೇರೆ ಲ್ಯಾಬಲ್ಲಿ ಇನ್ನೊಂದು ಸಲ ಟೆಸ್ಟ್ ಮಾಡಿಸಿ, ಬರೋವಾಗ ಮನೇಲಿ ನೀವು ಬಾಯಿಗೆ ಹಾಕ್ಕೊಳ್ಳೋ ಎಲ್ಲಾ ಡಬ್ಬೀನೂ ಚೀಲಕ್ಕೆ ಹಾಕ್ಕೊಂಡು ಬನ್ನಿ ಅಂದ್ರು.

ಬೇರೆ ಲ್ಯಾಬ್ ರಿಪೋರ್ಟಲ್ಲಿ ಟಿಎಸ್‌ಎಚ್ 31. ಟೈಪಿಂಗ್ ಮಿಸ್ಟೇಕ್ ಅಂದ್ಕೊಂಡೆ. ಡಾಕ್ಟ್ರು ರಿಪೋರ್ಟ್ ಪಕ್ಕಕ್ಕಿಟ್ಟು ಚೀಲದಿಂದ ಹೂವಿನ ಡಬ್ಬಿ ತೆಗೆದು ಹಿಂದೆ ತಿರುಗಿಸಿದ್ರು, ಕನ್ನಡಕ ಹಣೆಗೇರಿಸಿ ಕಣ್ಣಿಗೆ ಹತ್ರ ಹಿಡಿದು ಓದಿದ್ರು, ಆಮೇಲೆ ಒಂದು ಸಾಲಿನ ಮೇಲೆ ಉಗುರಿಟ್ಟು ನನ್ನ ಕಡೆ ತಳ್ಳಿದ್ರು. ಬಯೋಟಿನ್ 10,000 ಎಂಸಿಜಿ, ದಿನದ ಅಗತ್ಯದ ಶೇಕಡಾ 33,333. ದೊಡ್ಡೋರಿಗೆ ದಿನಕ್ಕೆ ಬೇಕಿರೋದು 30 ಎಂಸಿಜಿ ಅಷ್ಟೇ. ಆ ಸಂಖ್ಯೆ ಅಷ್ಟು ದಿನ ನನ್ನ ಕೈಯಲ್ಲೇ ಇತ್ತು, ಒಂದು ದಿನಾನೂ ಓದಿರ್ಲಿಲ್ಲ.

ಇದು ಹೇಗಾಗುತ್ತೆ ಅಂತ ಸ್ವಲ್ಪ ತಾಳ್ಮೆಯಿಂದ ಕೇಳಿ, ಯಾಕಂದ್ರೆ ಬಯೋಟಿನ್ ಥೈರಾಯ್ಡಿಗೆ ಏನೂ ಮಾಡಲ್ಲ, ಮಷೀನಿಗೆ ಮೋಸ ಮಾಡುತ್ತೆ. ಟಿಎಸ್‌ಎಚ್ ಹಿಡಿಯೋಕೆ ರಕ್ತಕ್ಕೆ ಎರಡು ಆಂಟಿಬಾಡಿ ಸೇರಿಸ್ತಾರೆ, ಎರಡೂ ಆ ಕಡೆ ಈ ಕಡೆಯಿಂದ ಟಿಎಸ್‌ಎಚ್‌ನ ಕಚ್ಕೊಳ್ತವೆ. ಒಂದಕ್ಕೆ ಬೆಳಕು ಕೊಡೋ ವಸ್ತು ಕಟ್ಟಿರ್ತಾರೆ, ಇನ್ನೊಂದಕ್ಕೆ ಬಯೋಟಿನ್. ಸ್ಟ್ರೆಪ್ಟಾವಿಡಿನ್ ಅನ್ನೋ ಪ್ರೋಟೀನ್ ಬಳಿದ ಸಣ್ಣ ಸಣ್ಣ ಮಣಿಗಳಿರ್ತವೆ, ಬಯೋಟಿನ್ ಸಿಕ್ಕಿದ್ರೆ ಅವು ಗಟ್ಟಿಯಾಗಿ ಹಿಡ್ಕೊಂಡ್ಬಿಡ್ತವೆ. ಹಾಗೆ ಮಣಿಗೆ ಅಂಟಿದ್ದನ್ನ ಉಳಿಸ್ಕೊಂಡು ಮಿಕ್ಕಿದ್ದನ್ನ ತೊಳೆದು, ಎಷ್ಟು ಬೆಳಕು ಬರುತ್ತೆ ಅಂತ ನೋಡ್ತಾರೆ. ಈಗ ನನ್ನ ರಕ್ತದಲ್ಲಿ ಮೊದಲೇ ಬಯೋಟಿನ್ ತುಂಬಿ ತುಳುಕ್ತಿದೆ, ಅದು ಹೋಗಿ ಮಣಿಗಳ ಮೇಲೆ ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ ಜಾಗ ಹಿಡ್ಕೊಂಡ್ಬಿಡ್ತು, ನಿಜವಾದ ಟಿಎಸ್‌ಎಚ್ ಹೊತ್ಕೊಂಡು ಬಂದ ಆಂಟಿಬಾಡಿಗೆ ಜಾಗ ಇಲ್ಲ, ತೊಳೆದಾಗ ಅದೇ ಹೊರಟೋಯ್ತು. ಬೆಳಕು ಕಮ್ಮಿ, ಟಿಎಸ್‌ಎಚ್ ಕಮ್ಮಿ ಅಂತ ಮಷೀನು ಬರೀತು.

ಟಿ4 ಸಣ್ಣ ಕಣ, ಎರಡು ಕಡೆಯಿಂದ ಕಚ್ಚೋಕೆ ಜಾಗ ಇಲ್ಲ. ಹಾಗಾಗಿ ಅಲ್ಲಿ ನಮ್ಮ ಟಿ4ಗೂ ಲ್ಯಾಬಿನವರು ಸೇರಿಸಿದ ಟಿ4ಗೂ ಪೈಪೋಟಿ ಇಡ್ತಾರೆ, ಬೆಳಕು ಕಮ್ಮಿ ಬಂದ್ರೆ ನಮ್ಮದು ಜಾಸ್ತಿ ಇದೆ ಅಂತ ಅರ್ಥ, ಲೆಕ್ಕ ಉಲ್ಟಾ. ಬಯೋಟಿನ್ ಅಲ್ಲೂ ಬೆಳಕು ಕಮ್ಮಿ ಮಾಡುತ್ತೆ, ಟಿ4 ಜಾಸ್ತಿ ಅಂತ ಬರುತ್ತೆ. ಗ್ರೇವ್ಸ್ ಆಂಟಿಬಾಡಿ ಟೆಸ್ಟಿಗೂ ಇದೇ ಗತಿ. ಒಂದು ನಂಬರ್ ತಪ್ಪಿದ್ರೆ ಅನುಮಾನ ಬರ್ತಿತ್ತು, ಮೂರೂ ಒಂದೇ ಕಡೆಗೆ ತಪ್ಪಿದ್ರೆ ಯಾರಿಗೆ ತಾನೇ ಬರುತ್ತೆ ಹೇಳಿ? ಎಲ್ಲಾ ಲ್ಯಾಬಲ್ಲೂ ಈ ವಿಧಾನ ಇರಲ್ಲ, ಅದಕ್ಕೇ ಎರಡನೇ ಲ್ಯಾಬ್ ಸರಿಯಾಗಿ ಹೇಳ್ತು. ಅಮೆರಿಕದ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು, ಹೃದಯಾಘಾತ ಕಂಡುಹಿಡಿಯೋ ಟ್ರೋಪೋನಿನ್ ಟೆಸ್ಟ್ ಹೀಗೇ ಸುಳ್ಳಾಗಿ ಕಮ್ಮಿ ಬಂದು ಒಬ್ಬರು ತೀರ್ಕೊಂಡಿದ್ದೂ ಅದರಲ್ಲಿದೆ. ಬಯೋಟಿನ್ ತಗೊಳ್ಳೋರು ಥೈರಾಯ್ಡ್ ಟೆಸ್ಟಿಗೆ ಕನಿಷ್ಠ 2 ದಿನ ಮುಂಚೆ ನಿಲ್ಲಿಸಬೇಕು, ಕಿಡ್ನಿ ತೊಂದರೆ ಇದ್ರೆ ಅಥವಾ ಡೋಸ್ ತುಂಬಾ ದೊಡ್ಡದಿದ್ರೆ ಇನ್ನೂ ಜಾಸ್ತಿ ದಿನ. ಅದಕ್ಕಿಂತ, ನಿಜವಾದ ಕೊರತೆ ಇಲ್ದೆ ಇರೋರಿಗೆ ಬಯೋಟಿನ್‌ನಿಂದ ಕೂದಲು ಬರುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ, ಆ ಕೊರತೆ ಇರೋದೂ ಅಪರೂಪ. ನಾನು ಕಳ್ಕೊಂಡ ಕೂದಲಲ್ಲಿ ಅರ್ಧ ಆ ಕೂದಲಿನ ಗುಳಿಗೆ ದೆಸೆಯಿಂದಲೇ ಹೋಗಿದ್ದು, ಡೋಸ್ ಇಳಿಸಿ ಹೈಪೋ ಆಗಿ.

ಈಗ ನಿಮ್ಮ ವಿಷಯ. ಯಾವ ಸಪ್ಲಿಮೆಂಟ್ ಸೇರಿಸಿದ್ರೆ ಟಿಎಸ್‌ಎಚ್ ಇಳಿಯುತ್ತೆ ಅಂತ ಕೇಳಿದೀರ, ಪ್ರಶ್ನೆನೇ ಸರಿಯಿಲ್ಲ ಅಂತೀನಿ, ಬೇಜಾರ್ ಮಾಡ್ಕೋಬೇಡಿ. ಈಗಾಗ್ಲೇ ತಗೊಳ್ತಿರೋ ಐರನ್ನೇ ನಿಮ್ಮ ಟಿಎಸ್‌ಎಚ್‌ನ ಮೇಲೆ ಹಿಡಿದಿಟ್ಟಿರಬಹುದು! ಹೊಟ್ಟೇಲಿ ಐರನ್ನು ಲೆವೊಥೈರಾಕ್ಸಿನ್ನು ಒಂದಕ್ಕೊಂದು ಅಂಟ್ಕೊಳ್ತವೆ, ಮಾತ್ರೆ ರಕ್ತಕ್ಕೆ ಸೇರೋದೇ ಕಮ್ಮಿ ಆಗುತ್ತೆ. ಕ್ಯಾಲ್ಸಿಯಂದೂ ಅದೇ ಕಥೆ, ಮಲ್ಟಿವಿಟಮಿನ್ ಒಳಗೆ ಎರಡೂ ಅಡಗಿರ್ತವೆ. ಮಧ್ಯೆ 4 ಗಂಟೆ ಗ್ಯಾಪ್ ಬೇಕು. ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೇಲಿ ಬರೀ ನೀರಲ್ಲಿ, ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ, ಕಾಫೀನೂ ಬೇಡ. ಐರನ್ ರಾತ್ರಿಗೆ ಹಾಕ್ಕೊಳ್ಳಿ. ಇದೊಂದು ಬದಲಾವಣೆಗೆ ದುಡ್ಡು ಖರ್ಚಿಲ್ಲ, ಅದಕ್ಕೇ ಇದನ್ನ ಯಾರೂ ಜಾಹೀರಾತಲ್ಲಿ ಹೇಳಲ್ಲ.

ಇನ್ನೊಂದು, ಡೋಸ್ ಏರಿಸಿ ಮೂರು ವಾರಕ್ಕೇ ರಕ್ತ ಕೊಟ್ಟಿದೀರ. ಲೆವೊಥೈರಾಕ್ಸಿನ್ ಅರ್ಧ ಖರ್ಚಾಗೋಕೇ ಸುಮಾರು 7 ದಿನ ಬೇಕು, ಅದು ಒಂದು ಮಟ್ಟಕ್ಕೆ ಬಂದು ನಿಂತು, ಅದನ್ನ ನೋಡಿ ಮೆದುಳಿನ ಕೆಳಗಿರೋ ಪಿಟ್ಯುಟರಿ ತನ್ನ ಟಿಎಸ್‌ಎಚ್ ಕಮ್ಮಿ ಮಾಡೋಕೆ 6ರಿಂದ 8 ವಾರ. ಹಾಗಾಗಿ ನಿಮ್ಮ 7.2 ಅರ್ಧ ದಾರಿಯ ಲೆಕ್ಕ. ಅದೂ ಅಲ್ದೆ ಟಿಎಸ್‌ಎಚ್ ಸ್ವಲ್ಪಕ್ಕೇ ಕಿರುಚೋ ನಂಬರು, ಟಿ4 ಚೂರು ಅಲ್ಲಾಡಿದ್ರೆ ಅದು ದುಪ್ಪಟ್ಟು ಆಗ್ಬಿಡುತ್ತೆ, 14 ಇರೋರಿಗೆ 7 ಇರೋರಿಗಿಂತ ಎರಡರಷ್ಟು ಕಾಯಿಲೆ ಅಂತೇನಿಲ್ಲ. ನಿಮ್ಮ ಫ್ರೀ ಟಿ4 1.1 ಸಾಮಾನ್ಯವಾಗಿ ರೇಂಜ್ ಒಳಗೇ ಬರುತ್ತೆ, ಆದ್ರೆ ನಿಮ್ಮ ರಿಪೋರ್ಟಲ್ಲೇ ಪಕ್ಕದ ಕಾಲಂ ನೋಡ್ಕೊಳ್ಳಿ, ಲ್ಯಾಬಿಂದ ಲ್ಯಾಬಿಗೆ ರೇಂಜ್ ಬೇರೆ. ಮುಂದಿನ ಸಲ ಅದೇ ಲ್ಯಾಬು, ಅದೇ ಹೊತ್ತು, ಬೆಳಗ್ಗೆ ರಕ್ತ ಕೊಟ್ಟು ಆಮೇಲೆ ಮಾತ್ರೆ ನುಂಗಿ, ಮಾತ್ರೆ ನುಂಗಿ ಹೋದ್ರೆ ಕೆಲವು ಗಂಟೆ ಟಿ4 ಮೇಲೆ ಕಾಣುತ್ತೆ. ಟಿಪಿಒ ಆಂಟಿಬಾಡಿ (ಹಾಶಿಮೊಟೊ ಪತ್ತೆಗೆ ನೋಡೋದು) ಪದೇ ಪದೇ ಮಾಡಿಸೋದು ದಂಡ, ಒಂದು ಸಲ ಹಾಶಿಮೊಟೊ ಅಂತ ಗೊತ್ತಾದ್ಮೇಲೆ ಆ ನಂಬರ್ ನೋಡಿ ಯಾರೂ ಡೋಸ್ ಬದಲಾಯಿಸಲ್ಲ.

ಅಯೋಡಿನ್ ಮುಟ್ಟಲೇಬೇಡಿ. ದಿನಕ್ಕೆ 150 ಎಂಸಿಜಿ ಸಾಕು, ಕಡಲಕಳೆ ಗುಳಿಗೆಗಳಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಇರಬಹುದು, ಹಾಶಿಮೊಟೊ ಇರೋರಿಗೆ ಜಾಸ್ತಿ ಅಯೋಡಿನ್ ಹೋದ್ರೆ ಗ್ರಂಥಿ ಇನ್ನೂ ಮಂಕಾಗುತ್ತೆ. ಸೆಲೆನಿಯಂ ಬಗ್ಗೆ ಸಂಶೋಧನೆಗಳು ಒಂದೊಂದು ಒಂದೊಂದು ಹೇಳ್ತವೆ, ಆಂಟಿಬಾಡಿ ನಂಬರ್ ಸ್ವಲ್ಪ ಇಳಿಯಬಹುದು, ಅದರಿಂದ ಸುಸ್ತು ಹೋಗುತ್ತೆ ಅಂತ ನಂಬಿ ಕೂರ್ಬೇಡಿ. ಬೇಕಿರೋದು ದಿನಕ್ಕೆ 55 ಎಂಸಿಜಿ, 400 ದಾಟಬಾರದು, ದಾಟಿದ್ರೆ ಬರೋ ಮೊದಲ ಲಕ್ಷಣಗಳಲ್ಲಿ ಕೂದಲು ಉದುರೋದೂ ಒಂದು! ಥೈರಾಯ್ಡ್ ಸಪೋರ್ಟ್ ಅಂತ ಹೆಸರಿಟ್ಕೊಂಡು ಬರೋವು ಇನ್ನೂ ಅಪಾಯ, ಕೆಲವು ಡಬ್ಬಿಗಳಲ್ಲಿ ಲೇಬಲ್ ಮೇಲೆ ಹೇಳ್ದೆ ನಿಜವಾದ ಥೈರಾಯ್ಡ್ ಹಾರ್ಮೋನೇ ಸಿಕ್ಕಿದೆ. ಸುಸ್ತಿಗೆ ಕಾರಣ ಹುಡುಕ್ಬೇಕು ಅಂದ್ರೆ ಫೆರಿಟಿನ್ (ಮೈಯಲ್ಲಿ ಐರನ್ ಎಷ್ಟು ದಾಸ್ತಾನಿದೆ ಅಂತ ಹೇಳೋದು), ಬಿ12, ವಿಟಮಿನ್ ಡಿ ಟೆಸ್ಟ್ ಮಾಡಿಸಿ, ಯಾವ್ದು ಕಮ್ಮಿ ಬಂತೋ ಅದನ್ನ ಮಾತ್ರ ತಗೊಳ್ಳಿ, ಕಮ್ಮಿ ಇಲ್ದೆ ಇರೋದನ್ನ ತುಂಬಿಸೋಕಾಗಲ್ಲ.

ನಂದು ಮತ್ತೆ 100ಕ್ಕೆ ಬಂದು ಟಿಎಸ್‌ಎಚ್ ಸರಿಹೋಯ್ತು. ಕೂದಲಿಗೆ ಮಾತ್ರ ಅದಾದ್ಮೇಲೂ ತಿಂಗಳುಗಟ್ಟಲೆ ಬೇಕಾಯ್ತು, ರಿಪೋರ್ಟ್ ಸರಿ ಬಂದ ವಾರಕ್ಕೇ ಬಾಚಣಿಗೆ ನೋಡಿ ಗಾಬರಿ ಆಗ್ಬೇಡಿ.

ಒಂದೇ ಒಂದು ಸಂದರ್ಭದಲ್ಲಿ ಮೇಲೆ ಹೇಳಿದ 6 ವಾರ ಕಾಯೋ ಮಾತು ನಿಮಗೆ ಅನ್ವಯಿಸಲ್ಲ. ನೀವು ಹೆಣ್ಣುಮಗಳಾಗಿದ್ದು ಮಗುವಿಗೆ ಪ್ಲಾನ್ ಮಾಡ್ತಿದ್ರೆ, ಅಥವಾ ಪೀರಿಯಡ್ಸ್ ತಪ್ಪಿದ್ರೆ, ನಾಳೆನೇ ಡಾಕ್ಟ್ರಿಗೆ ಫೋನ್ ಮಾಡಿ. ಬಸುರಿಲಿ ಈ ಮಾತ್ರೆ ಶುರುವಿನ ವಾರಗಳಲ್ಲೇ ಶೇಕಡಾ 25ರಿಂದ 30ರಷ್ಟು ಜಾಸ್ತಿ ಬೇಕಾಗುತ್ತೆ, ಆ ಟೈಮಲ್ಲಿ 7.2 ಇಟ್ಕೊಂಡು ಕೂರೋ ಹಾಗಿಲ್ಲ. ಫೋನಲ್ಲಿ ಐರನ್ ವಿಷಯಾನೂ ಹೇಳಿ, ಅವರು ಕೇಳದೇ ಇದ್ರೂ.